ಮಲಾವಿಯಲ್ಲಿ ಆಸ್ಪತ್ರೆ ಪುಕ್ಕಟೆ, ಆದರೂ ಜನರಿಗೆ ಚಿಕಿತ್ಸೆ ದಕ್ಕುತ್ತಿಲ್ಲ: ಇದನ್ನು ಅಳೆಯೋದು ಹೇಗೆ?

ದಾವಣಗೆರೆ_ಎಂಪಿಎಚ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪ್ರಬಂಧಕ್ಕೆ ಮಲಾವಿ ದೇಶವನ್ನು ತೆಗೆದುಕೊಂಡಿದ್ದೇನೆ. ದಕ್ಷಿಣದ ಚಿಕ್ವಾವಾ ಜಿಲ್ಲೆಯಲ್ಲಿ ಮನೆಮನೆ ಸಮೀಕ್ಷೆ ಆಗಬೇಕಿದೆ. ಪ್ರಶ್ನಾವಳಿ ಮತ್ತು ಸ್ಯಾಂಪಲ್ ಲೆಕ್ಕ ನನ್ನ ಪಾಲಿನ ಕೆಲಸ.

ಹಿನ್ನೆಲೆ ಇಷ್ಟು: 2018ರ ಜನಗಣತಿಯಲ್ಲಿ ಅಲ್ಲಿ ಸುಮಾರು 1.75 ಕೋಟಿ ಜನ, ನೂರಕ್ಕೆ 84 ಮಂದಿ ಹಳ್ಳಿಯವರು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳಲ್ಲ. 2015–16ರ ಡಿಎಚ್‌ಎಸ್ (ಜನಸಂಖ್ಯೆ, ಆರೋಗ್ಯದ ಮನೆಮನೆ) ಸಮೀಕ್ಷೆ ಪ್ರಕಾರ ನೂರಕ್ಕೆ 91 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಅದೇ ಸಮೀಕ್ಷೆಯಲ್ಲಿ ಲಕ್ಷ ಜೀವಂತ ಜನನಕ್ಕೆ 439 ತಾಯಂದಿರ ಸಾವು. ಆಸ್ಪತ್ರೆಗೆ ಹೋದ ಮೇಲೂ ಇಷ್ಟು ತಾಯಂದಿರು ಸಾಯುತ್ತಿದ್ದರು ಅಂದರೆ ಬರೀ 'ಹೋದರಾ, ಇಲ್ಲವಾ' ಅಂತ ಕೇಳಿ ಬರೋದರಲ್ಲಿ ಅರ್ಥವಿಲ್ಲ ಅನ್ನಿಸುತ್ತೆ.

ಕೇಳಬೇಕಾದ್ದು ಮೂರು. ಸಮೀಕ್ಷೆ ಆದ ಊರುಗಳಿಗೆ ಡಿಎಚ್‌ಎಸ್‌ನವರು ಕೊಡುವ ಜಿಪಿಎಸ್ ಬಿಂದುಗಳಿಂದ ಹತ್ತಿರದ ಆಸ್ಪತ್ರೆಗೆ ದೂರ ಅಳೆದು, 5 ಕಿ.ಮೀ. ಒಳಗೆ, ಹೊರಗೆ ಅಂತ ವಿಂಗಡಿಸಿದರೆ ಸಾಕಾ? 384 ಮನೆ ಸಾಕು ಅಂತ ಎಲ್ಲ ಪುಸ್ತಕದಲ್ಲೂ ಇದೆ, ಸರಿಯಾ? ಅಲ್ಲಿಗೆ ಕಳಿಸುವ ಮೊದಲು ಪ್ರಶ್ನಾವಳಿಯನ್ನು ಜಗಳೂರು ಕಡೆ ತಾಂಡಾಗಳಲ್ಲಿ ಒಮ್ಮೆ ಪರೀಕ್ಷಿಸಿದರೆ ನಡೆಯುತ್ತಾ?

ಚಳ್ಳಕೆರೆ_ನಕ್ಷೆ ಬರೆದಿದ್ದು:

ಮೊದಲನೆಯದಕ್ಕೆ ಉತ್ತರ: ಹಾಗೆ ದಯವಿಟ್ಟು ಮಾಡಬೇಡಿ. ಡಿಎಚ್‌ಎಸ್ ಬಿಂದುಗಳು ನಿಜವಾದ ಜಾಗದಲ್ಲಿ ಇರೋದೇ ಇಲ್ಲ. ಉತ್ತರ ಕೊಟ್ಟವರ ಗುರುತು ಸಿಗಬಾರದು ಅಂತ ಅವರೇ ಬೇಕಂತ ಸರಿಸಿರುತ್ತಾರೆ. ಪಟ್ಟಣದ ಬಿಂದುವನ್ನು 2 ಕಿ.ಮೀ. ತನಕ, ಹಳ್ಳಿಯದನ್ನು 5 ಕಿ.ಮೀ. ತನಕ, ಹಳ್ಳಿ ಬಿಂದುಗಳಲ್ಲಿ ನೂರಕ್ಕೊಂದನ್ನು 10 ಕಿ.ಮೀ. ತನಕ. ನೀವು ಎಳೆಯಬೇಕೆಂದಿರುವ ಗೆರೆಯೂ 5 ಕಿ.ಮೀ., ಬಿಂದು ಜರುಗಿರೋದೂ 5 ಕಿ.ಮೀ. ತನಕ. ಒಳಗಿದ್ದ ಹಳ್ಳಿ ಹೊರಗೆ, ಹೊರಗಿದ್ದದ್ದು ಒಳಗೆ ಬೀಳುತ್ತೆ. ಈ ಅದಲುಬದಲು ಯಾದೃಚ್ಛಿಕವಾಗಿ ಆಗೋದರಿಂದ ಎರಡು ಗುಂಪಿನ ನಡುವಿನ ವ್ಯತ್ಯಾಸ ಸವೆದುಹೋಗುತ್ತೆ. ಕೊನೆಗೆ 'ದೂರಕ್ಕೂ ಚಿಕಿತ್ಸೆಗೂ ಸಂಬಂಧವಿಲ್ಲ' ಅನ್ನೋ ಸುಳ್ಳು ಫಲಿತಾಂಶ ನಿಮ್ಮ ಕೈಗೆ ಬರುತ್ತೆ, ಅದನ್ನು ನಂಬಿ ಯಾರೋ ಹೊಸ ಆರೋಗ್ಯ ಕೇಂದ್ರ ಬೇಡ ಅಂತಲೂ ಅನ್ನಬಹುದು. ಡಿಎಚ್‌ಎಸ್ ಬಿಂದು ಬಳಸಲೇಬೇಕು ಅಂದರೆ ಒಂದು ಬಿಂದುವಿನ ದೂರ ತೆಗೆಯಬೇಡಿ, ಅದರ ಸುತ್ತ 5 ಕಿ.ಮೀ. ವೃತ್ತ ಹಾಕಿ ಆ ಪ್ರದೇಶದ ಸರಾಸರಿ ಪ್ರಯಾಣ ಸಮಯ ತೆಗೆಯಿರಿ.

ನಿಮ್ಮದು ಹೊಸ ಸಮೀಕ್ಷೆ, ಹಾಗಾಗಿ ಮನೆ ಬಾಗಿಲಲ್ಲೇ ಜಿಪಿಎಸ್ ಹಿಡಿಯಿರಿ. ಟ್ಯಾಬ್ಲೆಟ್ ಆನ್ ಮಾಡಿದ ತಕ್ಷಣ ಬರುವ ಮೊದಲ ಅಂಕಿ ಕೆಲವೊಮ್ಮೆ ಹಿಂದಿನ ಊರಿನದೇ ಆಗಿರುತ್ತೆ. ಬಯಲಲ್ಲಿ ನಿಂತು ನಿಖರತೆ 10 ಮೀಟರ್‌ಗಿಂತ ಕೆಳಗೆ ಬರೋ ತನಕ ಕಾಯಬೇಕು. ಕೋಬೋ ಅಥವಾ ಒಡಿಕೆ ಅನ್ನೋ ಸಮೀಕ್ಷೆ ಆ್ಯಪ್‌ನ ಫಾರ್ಮ್‌ನಲ್ಲೇ ಆ ಷರತ್ತು ಹಾಕಿಬಿಡಿ, ಇಲ್ಲದಿದ್ದರೆ ಸಂಜೆ ಹೊತ್ತಿಗೆ ಸುಸ್ತಾದ ಹುಡುಗರು ಕಾಯುವುದಿಲ್ಲ.

ಇನ್ನು ದೂರ. ನೇರ ಗೆರೆಯ ಕಿಲೋಮೀಟರ್ ಹಕ್ಕಿಗೆ ಸರಿ. ಜಗಳೂರಿನ ಬಯಲಿನಲ್ಲಾದರೆ ನೇರ ಗೆರೆಗೂ ನಡೆಯುವ ದಾರಿಗೂ ಅಂತಹ ವ್ಯತ್ಯಾಸ ಬರಲಿಕ್ಕಿಲ್ಲ. ಆದರೆ ಚಿಕ್ವಾವಾ, ನ್ಸಾಂಜೆ ಎರಡೂ ಶಿರೆ ನದಿಯ ತಗ್ಗಿನ ಜಿಲ್ಲೆಗಳು, ಪ್ರವಾಹಕ್ಕೆ ಹೆಸರಾದವು. 2022ರ ಜನವರಿಯ ಅನಾ ಬಿರುಗಾಳಿ, 2023ರ ಮಾರ್ಚ್‌ನ ಫ್ರೆಡ್ಡಿ ಚಂಡಮಾರುತ ಎರಡರಲ್ಲೂ ದಕ್ಷಿಣ ಭಾಗದ ರಸ್ತೆ, ಸೇತುವೆಗಳು ಕೊಚ್ಚಿಹೋದವು. ಒಂದು ಮನೆಯಿಂದ ಕೇಂದ್ರಕ್ಕೆ ನೇರ ಗೆರೆ 4 ಕಿ.ಮೀ. ಅಂದುಕೊಳ್ಳಿ. ಬೇಸಿಗೆಯಲ್ಲಿ ಹಳ್ಳದ ಮರಳು ದಾಟಿ ಕಾಲುದಾರಿಯಲ್ಲಿ 6 ಆದೀತು. ಹಳ್ಳ ತುಂಬಿದಾಗ ಸೇತುವೆ ಇರುವ ಕಡೆಗೆ ಬಳಸಿ ಹೋದರೆ 11 ಆದೀತು. ನಕ್ಷೆಯಲ್ಲಿ ಮಾತ್ರ ಅದು ಮೂರೂ ಸಲ '5 ಕಿ.ಮೀ. ಒಳಗೆ'.

ಡಬ್ಲ್ಯುಎಚ್‌ಒದ ಆಕ್ಸೆಸ್‌ಮಾಡ್ ಅನ್ನೋ ಉಚಿತ ತಂತ್ರಾಂಶ ಬಳಸಿ. ಭೂಮಿಯ ಏರಿಳಿತ, ನೆಲದ ಬಗೆ, ರಸ್ತೆ, ನದಿ, ಆಸ್ಪತ್ರೆಗಳ ಜಾಗ, ಇಷ್ಟು ಪದರ ಕೊಟ್ಟರೆ ಪ್ರಯಾಣ ಸಮಯದ ನಕ್ಷೆ ಬರುತ್ತೆ. ಎಡವೋದು ಎರಡು ಕಡೆ. ನದಿಯನ್ನು ತಡೆ ಅಂತ ಹಾಕಿ ಸೇತುವೆ ಗುರುತಿಸದಿದ್ದರೆ ಅರ್ಧ ಜಿಲ್ಲೆಗೆ ಆಸ್ಪತ್ರೆಯೇ ಇಲ್ಲದಂತೆ ತೋರಿಸುತ್ತೆ. ಆಮೇಲೆ ನಡಿಗೆಯ ವೇಗ: ಸಾಮಾನ್ಯವಾಗಿ ಗಂಟೆಗೆ 5 ಕಿ.ಮೀ. ಅಂತ ಇಟ್ಟುಬಿಡುತ್ತಾರೆ. ಜ್ವರದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಿಯೋ ಹೆರಿಗೆ ನೋವು ಶುರುವಾದವರೋ ಆ ವೇಗದಲ್ಲಿ ಹೇಗೆ ನಡೆಯುತ್ತಾರೆ? 2.5ರಿಂದ 3 ಇಟ್ಟು ಇನ್ನೊಂದು ಸಲ ಓಡಿಸಿ. ಬೇಸಿಗೆ, ಮಳೆಗಾಲ ಎರಡಕ್ಕೂ ಬೇರೆ ನಕ್ಷೆ ಮಾಡಿ. ಅಲ್ಲಿ ಮಳೆಗಾಲ ನವೆಂಬರ್‌ನಿಂದ ಏಪ್ರಿಲ್, ನಮ್ಮ ಮುಂಗಾರಿನ ಲೆಕ್ಕದಲ್ಲಿ ವೇಳಾಪಟ್ಟಿ ಹಾಕಿದರೆ ತಲೆಕೆಳಗಾಗುತ್ತೆ.

ದುರ್ಗದ_ಲೆಕ್ಕ ಬರೆದಿದ್ದು:

384 ಅನ್ನೋದು ಚೀಟಿ ಎತ್ತಿದ ಹಾಗೆ ಇಡೀ ಜಿಲ್ಲೆಯಿಂದ ಒಬ್ಬೊಬ್ಬರನ್ನೇ ಆರಿಸಿದರೆ ಮಾತ್ರ ಸರಿ. ನೀವು ಊರು ಆರಿಸಿ ಊರೊಳಗೆ ಮನೆ ಆರಿಸುತ್ತೀರಿ. ಒಂದೇ ಊರಿನವರಿಗೆ ಅದೇ ದಾರಿ, ಅದೇ ಆಸ್ಪತ್ರೆ, ಹಾಗಾಗಿ ಉತ್ತರಗಳೂ ಒಂದಕ್ಕೊಂದು ಹೋಲುತ್ತವೆ. ಡಿಸೈನ್ ಎಫೆಕ್ಟ್ ಅಂದರೆ ಇದೇ: ಒಂದು ಊರಿನಲ್ಲಿ ತೆಗೆದುಕೊಳ್ಳುವ ಮನೆಗಳಿಂದ ಒಂದು ಕಳೆದು, ಹೋಲಿಕೆಯ ಪ್ರಮಾಣದಿಂದ ಗುಣಿಸಿ, ಒಂದು ಕೂಡಿಸಬೇಕು. ಊರಿಗೆ 20 ಮನೆ, ಹೋಲಿಕೆ 0.05 ಆದರೆ 1.95. 384ನ್ನು ಅದರಿಂದ ಗುಣಿಸಿದರೆ 749, ಹತ್ತರಲ್ಲೊಬ್ಬರು ಸಿಗಲ್ಲ ಅಂದರೆ 832. ಅಂದರೆ 42 ಊರು, ಊರಿಗೆ 20.

ಖರ್ಚು ಉಳಿಸೋಕೆ 21 ಊರಲ್ಲಿ ತಲಾ 40 ಮಾಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಮನೆ ಸಂಖ್ಯೆ ಅಷ್ಟೇ, 840. ಆದರೆ ಡಿಸೈನ್ ಎಫೆಕ್ಟ್ 2.95ಕ್ಕೆ ಏರುತ್ತೆ, ಸಿಕ್ಕ 756 ಮನೆಯ ಬೆಲೆ ಬರೀ 256ಕ್ಕೆ ಇಳಿಯುತ್ತೆ. ಒಪ್ಪಬೇಡಿ.

ದೂರದ ಪ್ರಶ್ನೆಗಳಿಗೆ ಹೋಲಿಕೆ 0.05ಕ್ಕಿಂತ ಬಹಳ ಹೆಚ್ಚಿರುತ್ತೆ, ಕಾರಣ ಮೇಲೆ ಹೇಳಿದ್ದೇ. ಹೆರಿಗೆ ಬಗ್ಗೆ ಕೇಳುವುದಾದರೆ ಎಲ್ಲ ಮನೆಯಲ್ಲೂ ಎರಡು ವರ್ಷದೊಳಗಿನ ಮಗು ಇರಲ್ಲ. ಮೂರು ಮನೆಗೊಂದು ಸಿಗುತ್ತೆ ಅಂತ ಪಟ್ಟಿಯಲ್ಲಿ ಕಂಡರೆ 20 ತಾಯಂದಿರಿಗೆ 60 ಮನೆ ಬೇಕು. ತಾಯಂದಿರ ಸಾವಿನ ಪ್ರಮಾಣವನ್ನಂತೂ ಈ ಗಾತ್ರದಲ್ಲಿ ಮುಟ್ಟಬೇಡಿ: ಲಕ್ಷಕ್ಕೆ 439 ಅಂದರೆ ಸಾವಿರ ಹೆರಿಗೆಗೆ ನಾಲ್ಕು ಚಿಲ್ಲರೆ.

ಜನಗಣತಿಯ ಬ್ಲಾಕ್‌ಗಳನ್ನು ಜನಸಂಖ್ಯೆಗೆ ತಕ್ಕ ಅವಕಾಶದಲ್ಲಿ ಆರಿಸಿ, ಆರಿಸಿದ ಪ್ರತಿ ಬ್ಲಾಕ್‌ನಲ್ಲೂ ಮನೆಪಟ್ಟಿ ಹೊಸದಾಗಿ ಮಾಡಿಸಿ. ಪ್ರವಾಹದಿಂದ ಎದ್ದು ಬೇರೆ ಕಡೆ ಗುಡಿಸಲು ಹಾಕಿಕೊಂಡವರು 2018ರ ಪಟ್ಟಿಯಲ್ಲಿ ಇರಲಾರರು. ನಿಮ್ಮ ಸಮೀಕ್ಷೆ ಮುಖ್ಯವಾಗಿ ಬೇಕಾಗಿರೋದೇ ಅಂಥವರಿಗೆ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗೋದು ಬೇಡ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು.

ದಾವಣಗೆರೆ_ಎಂಪಿಎಚ್:

ಇಬ್ಬರಿಗೂ ತುಂಬಾ ಧನ್ಯವಾದ. 42 ಊರು ಅಂತಲೇ ಬರೆಯುತ್ತೇನೆ. ಖರ್ಚಿನ ಭಾಗದಲ್ಲಿ 'ಆಸ್ಪತ್ರೆಗೆ ಎಷ್ಟು ಕೊಟ್ಟಿರಿ' ಅಂತ ಒಂದೇ ಪ್ರಶ್ನೆ ಇದೆ. ಪುಕ್ಕಟೆ ಇರೋದರಿಂದ ಎಲ್ಲರದೂ ಸೊನ್ನೆ ಬಂದರೆ ಏನು ಮಾಡೋದು?

ಹೊಸದುರ್ಗ_ಸಮುದಾಯ_ವೈದ್ಯೆ ಬರೆದಿದ್ದು:

ಸೊನ್ನೆಯೇ ಬರುತ್ತೆ, ಆ ಸೊನ್ನೆ ನೋಡಿ ಬಡವರಿಗೆ ಹೊರೆಯಿಲ್ಲ ಅಂತ ವರದಿಯೂ ಆಗುತ್ತೆ. ಹಾಗೆ ಆಗಬಾರದು ಅಂತಲೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾವು ಅಟೆಂಡರ್ ಅನ್ನುತ್ತೇವಲ್ಲ, ರೋಗಿ ಜೊತೆ ಇರುವವರು, ಅವರನ್ನು ಮಲಾವಿಯಲ್ಲಿ ಗಾರ್ಡಿಯನ್ ಅಂತಾರೆ. ಅಲ್ಲಿನ ಆಸ್ಪತ್ರೆ ನಡೆಯೋದೇ ಇವರ ಮೇಲೆ. ರೋಗಿಗೆ ಅಡಿಗೆ ಮಾಡೋದು, ಮೈ ಒರೆಸೋದು, ಬಟ್ಟೆ ಒಗೆಯೋದು ಎಲ್ಲ ಅವರ ಕೆಲಸ. ಎಷ್ಟೋ ಆಸ್ಪತ್ರೆಗಳ ಅಂಗಳದಲ್ಲಿ ಅವರಿಗೆ ಅಂತಲೇ ಗಾರ್ಡಿಯನ್ ಶೆಲ್ಟರ್ ಇರುತ್ತೆ. ಮನೆಯಿಂದ ಮೆಕ್ಕೆಜೋಳದ ಹಿಟ್ಟು, ಪಾತ್ರೆ, ಸೌದೆ ಹೊತ್ತು ತಂದು ಅಲ್ಲೇ ನ್ಸಿಮಾ ಬೇಯಿಸುತ್ತಾರೆ. ನ್ಸಿಮಾ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅಂತ ತಿಳಿದುಕೊಳ್ಳಿ, ರಾಗಿ ಮುದ್ದೆಗಿಂತ ಮೆತ್ತಗೆ. ರೋಗಿ ಆರು ದಿನ ಮಲಗಿದರೆ ಗಾರ್ಡಿಯನ್ ಹೊಲದ ಕೆಲಸವೂ ಆರು ದಿನ ನಿಂತಿತು. ಬಿತ್ತನೆ ಕಾಲದಲ್ಲಿ ಹಾಗಾದರೆ ಮುಂದಿನ ವರ್ಷದ ಊಟಕ್ಕೇ ಕುತ್ತು. ಇಷ್ಟಾದರೂ 'ಆಸ್ಪತ್ರೆಗೆ ಎಷ್ಟು ಕೊಟ್ಟಿರಿ' ಅಂದರೆ ಆಕೆ 'ಏನೂ ಇಲ್ಲ' ಅಂತಲೇ ಹೇಳುತ್ತಾಳೆ, ಅದು ಸತ್ಯವೂ ಹೌದು.

ಆದ್ದರಿಂದ ಬಿಡಿಸಿ ಕೇಳಿ. ಹೋಗಿದ್ದು ಯಾವುದರಲ್ಲಿ, ಎಷ್ಟಾಯಿತು: ಕಬಾಝಾ ಅಂದರೆ ಹಿಂದೆ ಕೂರಿಸಿಕೊಂಡು ಹೋಗುವ ಅಲ್ಲಿನ ಬಾಡಿಗೆ ಸೈಕಲ್ ಅಥವಾ ಬೈಕ್, ಆಮೇಲೆ ಮಿನಿಬಸ್. ಬರೋವಾಗ ಎಷ್ಟಾಯಿತು ಅಂತ ಬೇರೆ ಕೇಳಿ, ಬಾಣಂತಿ ಬರೋವಾಗ ಎರಡು ಸೀಟು. ಹೆಲ್ತ್ ಪಾಸ್‌ಪೋರ್ಟ್ ಅನ್ನೋ ಪುಸ್ತಕ ಕೊಂಡಿರಾ? ನಮ್ಮ ತಾಯಿ ಕಾರ್ಡ್ ಇದ್ದ ಹಾಗೆ ರೋಗಿಯ ಇಡೀ ಚರಿತ್ರೆ ಅದರಲ್ಲೇ ಇರುತ್ತೆ, ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ, ದುಡ್ಡು ಕೊಟ್ಟು ಕೊಳ್ಳಬೇಕು. ಸಮೀಕ್ಷೆಗೆ ಅದು ಬಂಗಾರ. ಲಸಿಕೆ ದಿನಾಂಕ, ಗರ್ಭಿಣಿ ತಪಾಸಣೆ, ಜ್ವರಕ್ಕೆ ಕೊಟ್ಟ ಮಾತ್ರೆ, ಎಲ್ಲವನ್ನೂ ಬಾಯಿಂದ ಕೇಳುವ ಮೊದಲು ಪುಸ್ತಕ ತರಿಸಿ ನೋಡಿ ಬರೆದುಕೊಳ್ಳಿ, 'ಪುಸ್ತಕ ನೋಡಿ' 'ಬಾಯಿಂದ' ಅಂತ ಎರಡು ಕಾಲಂ ಇರಲಿ. ಹೊರಗಡೆ ಕೊಂಡ ಔಷಧಿ, ಗಾರ್ಡಿಯನ್ ಊಟ, ಹಿಟ್ಟಿನ ಬೆಲೆ, ಕಳೆದುಹೋದ ಕೂಲಿ ದಿನ, ಎಲ್ಲಕ್ಕೂ ಒಂದೊಂದು ಸಾಲು. ಕೊನೆಗೆ 'ಈ ದುಡ್ಡು ಹೇಗೆ ಹೊಂದಿಸಿದಿರಿ' ಅಂತ ಕೇಳಿ: ಕೋಳಿ ಮಾರಿದರಾ, ಬೀಜದ ಜೋಳ ಮಾರಿದರಾ, ಸಾಲವಾ. ಜನವರಿಯಿಂದ ಮಾರ್ಚ್ ಅಲ್ಲಿ ಕಣಜ ಖಾಲಿಯಾಗುವ ಕಾಲ, ಮಲೇರಿಯಾ ಏರುವುದೂ ಆ ಮಳೆಯಲ್ಲೇ. ಆಗ ಮಾರಿದ ಒಂದು ಚೀಲ ಜೋಳಕ್ಕೂ ಸುಗ್ಗಿಯಲ್ಲಿ ಮಾರಿದ್ದಕ್ಕೂ ಒಂದೇ ಅರ್ಥವಲ್ಲ.

ನೆನಪಿನ ಅವಧಿ: ಮಕ್ಕಳ ಕಾಯಿಲೆಗೆ ಎರಡು ವಾರ, ಹೊರರೋಗಿ ಖರ್ಚಿಗೆ ನಾಲ್ಕು ವಾರ, ದಾಖಲಾದವರಿಗೆ ಒಂದು ವರ್ಷ. ಒಂದು ವರ್ಷದ ಖರ್ಚನ್ನು ಸುಮ್ಮನೆ ಕೂಡಿಸಬೇಡಿ. 2023ರ ನವೆಂಬರ್‌ನಲ್ಲಿ ಅಲ್ಲಿನ ಹಣ ಕ್ವಾಚಾದ ಬೆಲೆಯನ್ನು ಇಳಿಸಿದಾಗ ಡಾಲರ್ ಒಂದೇ ಏಟಿಗೆ ನೂರಕ್ಕೆ 44ರಷ್ಟು ತುಟ್ಟಿಯಾಯಿತು. ಅಂಥ ಕಡೆ ತಿಂಗಳು ಬರೆಯದ ಖರ್ಚಿನ ಅಂಕಿಗೆ ಬೆಲೆಯೇ ಇಲ್ಲ.

ಇನ್ನೊಂದು. ನಮ್ಮಲ್ಲಿ ತಯಾರಾದ ಪ್ರಶ್ನಾವಳಿಗಳಲ್ಲಿ 'ಆಸ್ಪತ್ರೆಗೆ ಹೋಗಲು ಯಾರ ಒಪ್ಪಿಗೆ ಬೇಕು' ಅನ್ನೋದಕ್ಕೆ ಆಯ್ಕೆಗಳು ಗಂಡ, ಅತ್ತೆ, ಮಾವ. ಮಲಾವಿಯ ಮಧ್ಯ, ದಕ್ಷಿಣ ಭಾಗದಲ್ಲಿ ತಾಯಿಯ ಕಡೆಯಿಂದ ವಂಶ ಎಣಿಸುವವರು ಬಹಳ. ಚೆವಾ ಜನರಲ್ಲಿ ಅಕ್ಕತಂಗಿಯರ, ಅವರ ಮಕ್ಕಳ ಜವಾಬ್ದಾರಿ ಹೊತ್ತವನು ಸೋದರಮಾವ, ಅವನನ್ನು ಮ್ವಿನಿ ಮ್ಬುಂಬಾ ಅಂತಾರೆ. ಆಯ್ಕೆಗಳಲ್ಲಿ ಅವನಿಲ್ಲದಿದ್ದರೆ ಉತ್ತರ 'ಇತರೆ'ಗೆ ಹೋಗಿ ಬೀಳುತ್ತೆ, ನೀವು ಹುಡುಕುತ್ತಿದ್ದ ತಡೆ ಅಲ್ಲೇ ಮುಚ್ಚಿಹೋಗುತ್ತೆ. ಹಾಗೇ 'ಮಲುಂಗೊ' ಅನ್ನೋ ಚಿಚೆವಾ ಪದ ಮಲೇರಿಯಾಕ್ಕೂ ಹೌದು, ಬರೀ ಜ್ವರಕ್ಕೂ ಹೌದು. ಮಲುಂಗೊ ಬಂದಿತ್ತಾ ಅಂತ ಕೇಳಿ ಮಲೇರಿಯಾ ಲೆಕ್ಕ ಹಾಕಬೇಡಿ. ಮೈ ಬಿಸಿಯಾಗಿತ್ತಾ, ಬೆರಳಿನಿಂದ ರಕ್ತ ತೆಗೆದರಾ, ಏನು ಬಂತು ಅಂತ ಹೇಳಿದರು, ಯಾವ ಮಾತ್ರೆ ಕೊಟ್ಟರು, ಈ ಕ್ರಮದಲ್ಲಿ ಹೋಗಿ.

ಹರಿಹರ_ಫಾರ್ಮಸಿ ಬರೆದಿದ್ದು:

ಮನೆಯ ಕಡೆ ಇಷ್ಟು ಆಯಿತು, ಆಸ್ಪತ್ರೆಯ ಕಡೆಯೂ ಒಂದು ಹಾಳೆ ಇರಲಿ. 'ಔಷಧಿ ಇದೆಯಾ' ಅನ್ನೋ ಟಿಕ್ ಮಾರ್ಕ್ ಮೋಸ ಮಾಡುತ್ತೆ. ಮಲೇರಿಯಾದ ಎಎಲ್ (ಆರ್ಟಿಮೆಥರ್-ಲ್ಯೂಮೆಫಾಂಟ್ರಿನ್) ಮಾತ್ರೆಯನ್ನೇ ತೆಗೆದುಕೊಳ್ಳಿ. ಅದು ನಾಲ್ಕು ಪ್ಯಾಕ್‌ಗಳಲ್ಲಿ ಬರುತ್ತೆ: 5ರಿಂದ 15 ಕೆ.ಜಿ. ಒಳಗಿನ ಮಗುವಿಗೆ ಹೊತ್ತಿಗೆ 1 ಮಾತ್ರೆ, 25ರ ಒಳಗೆ 2, 35ರ ಒಳಗೆ 3, ಅದರ ಮೇಲೆ 4. ಎಲ್ಲಕ್ಕೂ ಮೂರು ದಿನದಲ್ಲಿ ಆರು ಹೊತ್ತು, ಎರಡನೆಯದು ಮೊದಲನೆಯದಾದ 8 ಗಂಟೆಗೆ. ಚಿಕ್ಕ ಮಕ್ಕಳ ಪ್ಯಾಕ್ ಮುಗಿದು ದೊಡ್ಡವರದು ಮಾತ್ರ ಉಳಿದಿದ್ದರೂ ಹಾಳೆಯಲ್ಲಿ 'ಇದೆ' ಅಂತಲೇ ಬರುತ್ತೆ. ಆಗ ದೊಡ್ಡ ಪ್ಯಾಕನ್ನು ಕತ್ತರಿಸಿ ಕೊಡುತ್ತಾರೆ. ಮಾತ್ರೆ ಒಂದೇ ಆದ್ದರಿಂದ ಮದ್ದು ಕೆಲಸ ಮಾಡುತ್ತೆ, ಆದರೆ ಯಾವಾಗ ಎಷ್ಟು ಅಂತ ಚಿತ್ರ ಬರೆದಿರುವ ರಟ್ಟು ತಾಯಿಯ ಕೈಗೆ ಹೋಗಲ್ಲ, ಡೋಸ್ ಅರ್ಧಕ್ಕೆ ನಿಲ್ಲೋದು ಅಲ್ಲಿ. ನಾಲ್ಕಕ್ಕೂ ಬೇರೆ ಸಾಲು ಹಾಕಿ. ಹೋದ ದಿನದ ಲೆಕ್ಕದ ಜೊತೆ ಸ್ಟಾಕ್ ಕಾರ್ಡ್ ನೋಡಿ ಹಿಂದಿನ 90 ದಿನದಲ್ಲಿ ಎಷ್ಟು ದಿನ ಸೊನ್ನೆ ಇತ್ತು ಅಂತ ಬರೆಯಿರಿ. ಕಾರ್ಡ್‌ಗೂ ಕಪಾಟಿಗೂ ತಾಳೆಯಾಗದಿದ್ದರೆ ಅದನ್ನೂ ಬರೆಯಿರಿ.

ಮನೆಯಲ್ಲಿ ಮಲೇರಿಯಾ ಕಿಟ್ ಟೆಸ್ಟ್ ಮಾಡುವ ಯೋಚನೆ ಇದ್ದರೆ ಎಚ್ಚರ. ಮಲೇರಿಯಾ ಪರಾವಲಂಬಿಯ ಎಚ್‌ಆರ್‌ಪಿ2 ಪ್ರೋಟೀನ್ ಹುಡುಕುವ ಕಿಟ್ ಚಿಕಿತ್ಸೆ ಮುಗಿದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸುತ್ತೆ, ಹಿಂದಿನ ಜ್ವರವನ್ನೇ ಇವತ್ತಿನದು ಅಂತ ಎಣಿಸಿಬಿಡುತ್ತೀರಿ.

ಚಳ್ಳಕೆರೆ_ನಕ್ಷೆ:

ಮೇಲೆ ಒಂದು ಬಿಟ್ಟುಹೋಯಿತು. ಹತ್ತಿರದ ಆಸ್ಪತ್ರೆ ಅಂತ ತೆಗೆಯುವಾಗ ಅದು ಯಾರದು ಅಂತ ನೋಡಿ. ಹಳ್ಳಿ ಕಡೆ ಬಹಳ ಆಸ್ಪತ್ರೆಗಳು ಚಾಮ್ ಒಕ್ಕೂಟದ, ಅಂದರೆ ಕ್ರೈಸ್ತ ಮಿಷನ್‌ಗಳವು. ಅಲ್ಲಿ ಶುಲ್ಕ ಇದೆ. ಸರ್ಕಾರದ ಜೊತೆ ಒಪ್ಪಂದ ಇರುವ ಕಡೆ ಹೆರಿಗೆ, ನವಜಾತ ಶಿಶು ಸೇವೆ ಪುಕ್ಕಟೆ, ಉಳಿದದ್ದಕ್ಕೆ ಕೊಡಬೇಕಾಗಬಹುದು. ಒಂದೇ ಮನೆಗೆ ಹೆರಿಗೆಗೆ ಹತ್ತಿರದ ಪುಕ್ಕಟೆ ಆಸ್ಪತ್ರೆ 3 ಕಿ.ಮೀ., ಅದೇ ಮನೆಯ ಅಜ್ಜನ ಬಿ.ಪಿ.ಗೆ 14 ಕಿ.ಮೀ. ಇರಬಹುದು. ಸಿಸೇರಿಯನ್ ಬೇಕಾದರೆ ಆರೋಗ್ಯ ಕೇಂದ್ರ ಲೆಕ್ಕಕ್ಕೇ ಬರಲ್ಲ, ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲೂ ಕತ್ತರಿ ಹಿಡಿಯೋರು ಹೆಚ್ಚಾಗಿ ಕ್ಲಿನಿಕಲ್ ಆಫೀಸರ್‌ಗಳು, ಅಂದರೆ ಎಂಬಿಬಿಎಸ್ ಇಲ್ಲದೆಯೂ ಆಪರೇಷನ್ ತರಬೇತಿ ಪಡೆದವರು. ಎಂಬಿಬಿಎಸ್ ಡಾಕ್ಟರ್ ಎಷ್ಟಿದ್ದಾರೆ ಅಂತ ಎಣಿಸಿ ಸೇವೆ ಇಲ್ಲ ಅಂದುಬಿಡಬೇಡಿ. ಸೇವೆಗೊಂದು ದೂರ ಬೇಕು. ನೂರಕ್ಕೆ 91 ಹೆರಿಗೆ ಒಂದು ಕಡೆ, 439 ಇನ್ನೊಂದು ಕಡೆ ಅಂತ ನೀವು ಕೇಳಿದಿರಲ್ಲ, ಅದಕ್ಕೆ ಉತ್ತರದ ದೊಡ್ಡ ಪಾಲು ಈ ಎರಡನೇ ಪ್ರಯಾಣದಲ್ಲಿದೆ: ಕೇಂದ್ರದಲ್ಲಿ ರಕ್ತಸ್ರಾವ ಶುರುವಾಗಿ, ಆಂಬುಲೆನ್ಸ್‌ಗೆ ಫೋನ್ ಹೋಗಿ, ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ಸಿಗೋ ತನಕ ಎಷ್ಟು ಗಂಟೆ? ಹೊರಟ ಹೊತ್ತು, ಮುಟ್ಟಿದ ಹೊತ್ತು, ಮೊದಲ ಚಿಕಿತ್ಸೆ ಸಿಕ್ಕ ಹೊತ್ತು, ಕಳಿಸಿದ ಹೊತ್ತು, ಮತ್ತೆ ಮುಟ್ಟಿದ ಹೊತ್ತು, ಐದನ್ನೂ ಕೇಳಿ. ಗಡಿಯಾರದ ಹೊತ್ತು ನೆನಪಿರದಿದ್ದರೆ ಬೆಳಕು ಹರಿದಿತ್ತಾ, ಹೊತ್ತು ನೆತ್ತಿಗೆ ಬಂದಿತ್ತಾ ಅಂತ ಕೇಳಬಹುದು.

ಜಗಳೂರು_ಫೀಲ್ಡ್ ಬರೆದಿದ್ದು:

ಮೂರನೇ ಪ್ರಶ್ನೆಗೆ ಯಾರೂ ಬರಲಿಲ್ಲ, ಹಾಗಾಗಿ ಹೇಳುತ್ತೇನೆ. ಇಲ್ಲಿ ಪರೀಕ್ಷಿಸಬಹುದು, ಆದರೆ ಯಂತ್ರವನ್ನು ಮಾತ್ರ. ಟ್ಯಾಬ್ಲೆಟ್ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಫಾರ್ಮ್ ಯಾವ ಪ್ರಶ್ನೆಯಿಂದ ಯಾವುದಕ್ಕೆ ಹಾರುತ್ತೆ, ಒಂದು ಮನೆಗೆ ಎಷ್ಟು ನಿಮಿಷ ಹಿಡಿಯುತ್ತೆ, ಇವು ಜಗಳೂರಿನ ತಾಂಡಾದಲ್ಲೇ ಗೊತ್ತಾಗುತ್ತವೆ. 45 ನಿಮಿಷ ದಾಟಿದರೆ ಕತ್ತರಿಸಿ. ಪ್ರಶ್ನೆಯ ಅರ್ಥ ಮಾತ್ರ ಇಲ್ಲಿ ಪರೀಕ್ಷೆ ಆಗಲ್ಲ. ನಮ್ಮಲ್ಲಿ 108 ಇದೆ, ಆಶಾ ಇದ್ದಾರೆ. ಅಲ್ಲಿನ ಎಚ್‌ಎಸ್‌ಎ ಅನ್ನೋ ಊರಿನ ಆರೋಗ್ಯ ಕಾರ್ಯಕರ್ತರೂ ಸಾವಿರ ಜನಕ್ಕೊಬ್ಬರು ಅನ್ನೋ ಗುರಿಯಲ್ಲೇ ಇರೋದು, ಆದರೆ ಅವರು ಸಂಬಳದ ಸರ್ಕಾರಿ ನೌಕರರು, ಲಸಿಕೆಯನ್ನು ಅವರೇ ಹಾಕುತ್ತಾರೆ. ದೂರದ ಊರುಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಮಲೇರಿಯಾ, ನ್ಯುಮೋನಿಯಾ, ಭೇದಿಗೆ ಮದ್ದೂ ಕೊಡುತ್ತಾರೆ. ಆಶಾ ಇರುವ ಕಡೆ ಎಚ್‌ಎಸ್‌ಎ ಅಂತ ಹೆಸರು ಬದಲಿಸಿದರೆ ಪ್ರಶ್ನೆ ತಪ್ಪಾಗುತ್ತೆ. ಅರ್ಥ ಪರೀಕ್ಷಿಸಲು ಚಿಕ್ವಾವಾದಲ್ಲೇ, ಸ್ಯಾಂಪಲ್‌ಗೆ ಬೀಳದ ಎರಡು ಊರು ಆರಿಸಿ, ಹತ್ತು ಹನ್ನೆರಡು ಜನರಿಗೆ ಓದಿ ಹೇಳಿ 'ನಿಮಗೆ ಏನು ಅರ್ಥವಾಯಿತು' ಅಂತ ಕೇಳಿಸಿ.

ನಮ್ಮ ಕಡೆಯಿಂದ ಕಲಿಯಬೇಕಾದ್ದೂ ಒಂದಿದೆ. ಇಲ್ಲಿಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಹಟ್ಟಿಯ ಹೊರಗೆ ಬೇರೆ ಗುಡಿಸಲಲ್ಲಿ ಇಡುವ ರೂಢಿ ಇದೆ. ಮನೆಬಾಗಿಲಿಗೆ ಹೋಗಿ ಎಣಿಸಿದರೆ ಆ ತಾಯಿ, ಮಗು ಇಬ್ಬರೂ ಪಟ್ಟಿಗೆ ಬರಲ್ಲ. ಮಲಾವಿಯಲ್ಲಿ ದಿನ ತುಂಬಿದ ಗರ್ಭಿಣಿಯರು ಆಸ್ಪತ್ರೆ ಪಕ್ಕದ ತಂಗುಮನೆಯಲ್ಲಿ ವಾರಗಟ್ಟಲೆ ಇರುತ್ತಾರೆ. ಅವರೂ ಹೀಗೇ ಬಿಟ್ಟುಹೋಗುತ್ತಾರೆ. 'ಈ ಮನೆಯವರಾಗಿದ್ದು ನಿನ್ನೆ ರಾತ್ರಿ ಬೇರೆ ಕಡೆ ಮಲಗಿದವರು ಯಾರಿದ್ದಾರೆ, ಯಾಕೆ' ಅಂತ ಮನೆಪಟ್ಟಿಯಲ್ಲೇ ಒಂದು ಪ್ರಶ್ನೆ ಸೇರಿಸಿ.

ಅನುಮತಿಗೆ ಸಮಯ ಇಟ್ಟುಕೊಳ್ಳಿ. ಮೊದಲು ಅಲ್ಲಿನ ನೈತಿಕ ಸಮಿತಿ, ಎನ್‌ಎಚ್‌ಎಸ್‌ಆರ್‌ಸಿ ಅಥವಾ ಕಾಮ್‌ರೆಕ್. ನಿಮ್ಮ ಕಾಲೇಜಿನ ಸಮಿತಿಯ ಪತ್ರ ಇದ್ದರೂ ಅದು ಬೇಕೇ ಬೇಕು. ಆಮೇಲೆ ಜಿಲ್ಲಾ ಆರೋಗ್ಯ ಕಚೇರಿ. ಅಲ್ಲಿಂದ ಟ್ರೆಡಿಷನಲ್ ಅಥಾರಿಟಿ ಅನ್ನೋ ಹಿರಿಯ ಮುಖ್ಯಸ್ಥ, ಅವರ ಕೆಳಗೆ ಗುಂಪು ಗ್ರಾಮದ ಮುಖ್ಯಸ್ಥ, ಕೊನೆಗೆ ಊರಿನ ಮುಖ್ಯಸ್ಥ. ಮುಖ್ಯಸ್ಥರು ಹೂಂ ಅಂದರು ಅಂತ ಮನೆಯವರ ಒಪ್ಪಿಗೆ ಬಿಡುವ ಹಾಗಿಲ್ಲ. ಓದು ಬಾರದವರಿಗೆ ಓದಿ ಹೇಳಿ, ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರು ಹೆಬ್ಬೆಟ್ಟು ಹಾಕಿಸಬೇಕು. ಹಾಗೇ, ಸಮೀಕ್ಷೆ ಮಾಡುವಾಗ ಉಸಿರಾಟ ಜೋರಾದ ಮಗು ಕಂಡರೆ ಏನು ಮಾಡಬೇಕು ಅಂತ ಹುಡುಗರಿಗೆ ಮೊದಲೇ ಬರೆದು ಕೊಡಿ. 2ರಿಂದ 11 ತಿಂಗಳಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಉಸಿರಿದ್ದರೆ ಪ್ರಶ್ನೆ ಅಲ್ಲಿಗೇ ನಿಲ್ಲಿಸಿ ಮಗುವನ್ನು ಕೇಂದ್ರಕ್ಕೆ ಮುಟ್ಟಿಸಬೇಕು. ಆ ಗಾಡಿ ಬಾಡಿಗೆ ನಿಮ್ಮ ಬಜೆಟ್‌ನಲ್ಲಿ ಒಂದು ಸಾಲಾಗಿ ಇರಲಿ.

ದಾವಣಗೆರೆ_ಎಂಪಿಎಚ್:

ಬಾಡಿಗೆ ಸಾಲು ಬಜೆಟ್‌ಗೆ ಸೇರಿಸಿದೆ. ಖರ್ಚಿನ ಒಂದು ಪ್ರಶ್ನೆ ಈಗ ಹದಿನಾಲ್ಕು ಸಾಲಾಗಿದೆ, ಸೋದರಮಾವನೂ ಬಂದಿದ್ದಾನೆ. ಹೆರಿಗೆಯ ಐದು ಹೊತ್ತುಗಳ ಭಾಗ ಬರೆದು ಮುಗಿಸಿ ಭಾನುವಾರ ಇಲ್ಲೇ ಹಾಕುತ್ತೇನೆ, ದಯವಿಟ್ಟು ನೋಡಿ ತಿದ್ದಿ.